ಗೋಡೆಗೆ ವಯಸ್ಸಾಯ್ತು, ರೋಗಿಗೆ ಏನಾಯ್ತು?

ಒಂದು ಕಟ್ಟಡಕ್ಕೆ ವಯಸ್ಸಾಗೋದು ಯಾವಾಗ? ಐವತ್ತು ವರ್ಷಕ್ಕಾ? ನೂರು ವರ್ಷಕ್ಕಾ?

ಯಾದಗಿರಿ ಜಿಲ್ಲೆ, ಶಹಾಪುರ ತಾಲ್ಲೂಕಿನ ಶಿರವಾಳಕ್ಕೆ ಒಮ್ಮೆ ಹೋಗಿ ನೋಡಿ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಆಳಿದ ಕಾಲದ ದೇವಸ್ಥಾನಗಳು ಅಲ್ಲಿ ಇವತ್ತಿಗೂ ಇವೆ. ಕೆಲವು ಗಟ್ಟಿಯಾಗಿ ನಿಂತಿವೆ, ಕೆಲವು ಗಿಡಗಂಟಿಗಳ ನಡುವೆ ಉಸಿರು ಹಿಡಿದುಕೊಂಡಿವೆ. ಸಾವಿರ ವರ್ಷದ ಆಸುಪಾಸಿನ ಕಲ್ಲು. ಬಿಸಿಲು, ಮಳೆ, ಯುದ್ಧ, ನಿರ್ಲಕ್ಷ್ಯ ಎಲ್ಲವನ್ನೂ ತಡೆದುಕೊಂಡು ನಿಂತಿದೆ.

ಈಗ ಇನ್ನೊಂದು ಕಡೆ ನೋಡಿ. ಇದೇ ಶಿರವಾಳ 1948ರವರೆಗೆ ಯಾವ ಸಂಸ್ಥಾನದಲ್ಲಿತ್ತು? ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿ. ಆ ಸಂಸ್ಥಾನದ ರಾಜಧಾನಿಯಲ್ಲಿ, ಮೂಸಿ ನದಿ ದಂಡೆ ಮೇಲೆ, 1920ರ ದಶಕದಲ್ಲಿ ಒಂದು ಅರಮನೆಯಂಥ ಆಸ್ಪತ್ರೆ ತಲೆ ಎತ್ತಿತು. ಹೆಸರು ಉಸ್ಮಾನಿಯಾ ಜನರಲ್ ಆಸ್ಪತ್ರೆ. ಆ ಕಟ್ಟಡಕ್ಕೆ 2020ರ ಜುಲೈನಲ್ಲಿ ಬೀಗ ಬಿತ್ತು. ಅದೂ ಯಾವಾಗ? ಕೊರೊನಾ ನಡುವೆ. ದೇಶಕ್ಕೆ ಒಂದೊಂದು ಹಾಸಿಗೆಯೂ ಬೇಕಾಗಿದ್ದ ಹೊತ್ತಿನಲ್ಲಿ!

ಕಲ್ಲಿನ ಗುಡಿ ಸಾವಿರ ವರ್ಷ ನಿಲ್ಲುತ್ತೆ, ಗಾರೆಯ ಆಸ್ಪತ್ರೆ ನೂರು ವರ್ಷ ತುಂಬುವಷ್ಟರಲ್ಲಿ ಬೀಗ ಹಾಕಿಸಿಕೊಳ್ಳುತ್ತೆ. ಯಾಕೆ? ಇದಕ್ಕೆ ಉತ್ತರ ಹುಡುಕಿದರೆ ನಮ್ಮ ಊರಿನ ಆಸ್ಪತ್ರೆಗಳ ಭವಿಷ್ಯವೂ ಅದರಲ್ಲೇ ಕಾಣುತ್ತೆ.

ಹೈದರಾಬಾದಿನ ಆಸ್ಪತ್ರೆ ಕಥೆ ನಮಗ್ಯಾಕೆ?

ಇದು ಬೆಂಗಳೂರಿನವರು ಕೇಳೋ ಪ್ರಶ್ನೆ. ಯಾದಗಿರಿಯವರು, ಶಹಾಪುರದವರು, ಸುರಪುರದವರು ಕೇಳೋದಿಲ್ಲ.

ಯಾದಗಿರಿಯಿಂದ ಬೆಂಗಳೂರು ಐನೂರು ಕಿಲೋಮೀಟರ್ ಆಸುಪಾಸು. ಹೈದರಾಬಾದ್ ಅದರ ಅರ್ಧವೂ ಇಲ್ಲ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ್ದು 1874ರಲ್ಲಿ. ಅಂದಿನಿಂದ ಈ ಭಾಗದ ಜನ ಕೋರ್ಟಿಗೆ, ಕಾಲೇಜಿಗೆ, ವ್ಯಾಪಾರಕ್ಕೆ, ಕಾಯಿಲೆಗೆ ಮುಖ ಮಾಡಿದ್ದು ಪೂರ್ವಕ್ಕೇ. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದವು. ನಕ್ಷೆ ಒಂದೇ ದಿನದಲ್ಲಿ ಬದಲಾಯ್ತು. ಆದರೆ ರೋಗಿ ಹಿಡಿಯೋ ದಾರಿ ಬದಲಾಗಲಿಲ್ಲ. ದೊಡ್ಡ ಕಾಯಿಲೆ ಬಂದರೆ ಇವತ್ತಿಗೂ ಈ ಭಾಗದ ಎಷ್ಟೋ ಮನೆಗಳಲ್ಲಿ ಮೊದಲು ಬರೋ ಹೆಸರು ಹೈದರಾಬಾದೇ.

ಯಾಕಂದ್ರೆ ಹತ್ತಿರದಲ್ಲಿ ಬೇರೆ ಇರಲಿಲ್ಲ. ಕಲಬುರಗಿಯಲ್ಲಿ ಎಂ.ಆರ್. ಮೆಡಿಕಲ್ ಕಾಲೇಜು ಬಂದಿದ್ದು 1963ರಲ್ಲಿ. ಅದೂ ಸರ್ಕಾರದ್ದಲ್ಲ, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯದ್ದು. ರಾಯಚೂರು, ಬೀದರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬರೋಕೆ 2007 ಆಗಬೇಕಾಯ್ತು. ಕಲಬುರಗಿಗೆ 2013. ಕೊಪ್ಪಳಕ್ಕೆ 2015. ಯಾದಗಿರಿಗೆ 2022! ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷದ ಮೇಲೆ. ಹಾಗಾಗಿ ಉಸ್ಮಾನಿಯಾ ಪಕ್ಕದ ರಾಜ್ಯದ ಆಸ್ಪತ್ರೆ ಅನ್ನೋದು ಕಾಗದದ ಮೇಲಿನ ಮಾತು. ಈ ಭಾಗಕ್ಕೆ ಅದು ಬಹಳ ಕಾಲ ತಮ್ಮದೇ ಊರಿನ ದೊಡ್ಡಾಸ್ಪತ್ರೆ ಆಗಿತ್ತು.

ಪ್ರವಾಹದಲ್ಲಿ ಹುಟ್ಟಿದ ಆಸ್ಪತ್ರೆ

ಈ ಆಸ್ಪತ್ರೆಯ ಬೇರು ಇನ್ನೂ ಹಿಂದಿನದು. 1866ರಲ್ಲಿ ಐದನೇ ನಿಜಾಮ ಅಫ್ಜಲ್ ಉದ್ದೌಲ ಅವರ ಕಾಲದಲ್ಲಿ, ದಿವಾನ ಒಂದನೇ ಸಾಲಾರ್ ಜಂಗ್ ಮುತುವರ್ಜಿಯಿಂದ ಅಫ್ಜಲ್‌ಗಂಜ್ ಆಸ್ಪತ್ರೆ ಶುರುವಾಯ್ತು. ಅದೇನೂ ಸಣ್ಣಪುಟ್ಟ ದವಾಖಾನೆ ಅಲ್ಲ. ಶಸ್ತ್ರಚಿಕಿತ್ಸೆ ವೇಳೆ ಪ್ರಜ್ಞೆ ತಪ್ಪಿಸೋಕೆ ಕೊಡ್ತಿದ್ದ ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಅಂತ ಇಡೀ ಜಗತ್ತು ತಲೆ ಕೆಡಿಸಿಕೊಂಡಿದ್ದಾಗ, 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಪ್ರಯೋಗ ನಡೆಸಿದ್ದು ಹೈದರಾಬಾದಿನಲ್ಲೇ. ಮುಂದಾಳತ್ವ ಸರ್ಜನ್ ಎಡ್ವರ್ಡ್ ಲಾರಿ ಅವರದ್ದು. ದುಡ್ಡು ನಿಜಾಮ ಸರ್ಕಾರದ್ದು. ಕ್ಲೋರೋಫಾರ್ಮ್ ನೇರವಾಗಿ ಹೃದಯಕ್ಕೆ ಹಾನಿ ಮಾಡೋದಿಲ್ಲ ಅನ್ನೋ ಅವರ ತೀರ್ಮಾನವನ್ನು ಮುಂದೆ ವಿಜ್ಞಾನ ತಳ್ಳಿಹಾಕಿತು. ಅದು ಬೇರೆ ಮಾತು. ಆದರೆ ಲಂಡನ್ನಿನ ವೈದ್ಯ ಪತ್ರಿಕೆಗಳು ಹೈದರಾಬಾದಿನ ಹೆಸರು ಹಿಡಿದು ಚರ್ಚೆ ಮಾಡಿದ್ದಂತೂ ನಿಜ.

ಆಮೇಲೆ ಬಂತು 1908ರ ಸೆಪ್ಟೆಂಬರ್ 28. ಮೂಸಿ ನದಿ ಉಕ್ಕಿತು. ಸಾವಿರಾರು ಜನ ಸತ್ತರು. ಸಾವಿರಾರು ಮನೆ ಕೊಚ್ಚಿ ಹೋದವು. ನದಿ ದಂಡೆಯ ಅಫ್ಜಲ್‌ಗಂಜ್ ಆಸ್ಪತ್ರೆಯೂ ಹೋಯ್ತು. ಆಸ್ಪತ್ರೆ ಆವರಣದಲ್ಲಿ ಒಂದು ಹುಣಸೆ ಮರ ಇತ್ತು. ಅದನ್ನು ಹತ್ತಿ ಕೂತ ಸುಮಾರು 150 ಜನ ಜೀವ ಉಳಿಸಿಕೊಂಡರು ಅಂತ ಹೈದರಾಬಾದ್ ಇವತ್ತಿಗೂ ನೆನೆಯುತ್ತೆ. ಆ ಮರವನ್ನು ಜನ ಗೌರವದಿಂದ ಕಾಪಾಡಿಕೊಂಡು ಬಂದಿದ್ದಾರೆ.

ಪ್ರವಾಹದ ನಂತರ ನಿಜಾಮ ಸರ್ಕಾರ ಯಾರನ್ನು ಕರೆಸಿತು ಗೊತ್ತಾ? ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ ಅವರನ್ನು. ಬಾಂಬೆ ಸರ್ಕಾರದ ಸೇವೆ ಬಿಟ್ಟು ಬಂದಿದ್ದ ಅವರು 1909ರಲ್ಲಿ ಹೈದರಾಬಾದಿಗೆ ಹೋದರು. ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ನೀರು ಹಿಡಿಯಿರಿ, ನಗರದೊಳಗೆ ಚರಂಡಿ ಸರಿ ಮಾಡಿ ಅಂತ ಯೋಜನೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಆ ಯೋಚನೆಯಿಂದಲೇ. ಇಲ್ಲಿ ‘ಚರಂಡಿ’ ಅನ್ನೋ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತೆ.

1911ರಲ್ಲಿ ಪಟ್ಟಕ್ಕೆ ಬಂದ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೊಸ ನಗರ ಕಟ್ಟೋಕೆ ಹೊರಟರು. ಇಂಗ್ಲೆಂಡ್ ಮೂಲದ ವಾಸ್ತುಶಿಲ್ಪಿ ವಿನ್ಸೆಂಟ್ ಎಷ್ ಅವರನ್ನು ಕರೆಸಿದರು. ಹೈದರಾಬಾದ್ ಹೈಕೋರ್ಟ್, ಸಿಟಿ ಕಾಲೇಜು, ಕಾಚಿಗುಡ ರೈಲು ನಿಲ್ದಾಣ, ಇವೆಲ್ಲ ಅವರ ಕೈಯಿಂದ ಬಂದಿದ್ದು. ಹೈಕೋರ್ಟಿಗೆ ಎದುರಾಗಿ, ನದಿಯ ಆಚೆ ದಂಡೆಯಲ್ಲಿ ನಿಂತಿದ್ದೇ ಉಸ್ಮಾನಿಯಾ ಆಸ್ಪತ್ರೆ. ಎತ್ತರದ ಗುಮ್ಮಟಗಳು, ಕಮಾನುಗಳು, ಉದ್ದುದ್ದ ಮೊಗಸಾಲೆಗಳು. ಬಡವನ ಆಸ್ಪತ್ರೆಗೆ ಅರಮನೆಯ ಮುಖ. ಒಂದು ಕಾಲಕ್ಕೆ ಇಂಥ ಕನಸು ಕಂಡವರಿದ್ದರು ಅನ್ನೋದೇ ಇವತ್ತು ಆಶ್ಚರ್ಯ.

ಎತ್ತರದ ಸೂರು, ದೊಡ್ಡ ಕಿಟಕಿ ಯಾಕೆ?

ಹಳೆ ಸರ್ಕಾರಿ ಆಸ್ಪತ್ರೆಗಳನ್ನು ನೀವು ನೋಡಿರ್ತೀರಿ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹೈದರಾಬಾದಿನ ಉಸ್ಮಾನಿಯಾ. ಎಲ್ಲ ಕಡೆ ಒಂದೇ ಥರ. ಎತ್ತರದ ಸೂರು, ಆಳೆತ್ತರದ ಕಿಟಕಿ, ಉದ್ದನೆ ವಾರ್ಡು, ಎರಡೂ ಬದಿಗೆ ಮಂಚ. ಇದು ಶೋಕಿಗೆ ಮಾಡಿದ್ದಲ್ಲ. ಅದರ ಹಿಂದೆ ಒಂದು ವೈದ್ಯಕೀಯ ತಿಳಿವಳಿಕೆ ಇತ್ತು.

ಹತ್ತೊಂಬತ್ತನೇ ಶತಮಾನದಲ್ಲಿ ಕಾಯಿಲೆ ಹರಡೋದು ಕೆಟ್ಟ ಗಾಳಿಯಿಂದ ಅನ್ನೋ ನಂಬಿಕೆ ಗಟ್ಟಿಯಾಗಿತ್ತು. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಆಸ್ಪತ್ರೆ ಹೇಗಿರಬೇಕು ಅನ್ನೋದರ ಮೇಲೇ ಪುಸ್ತಕ ಬರೆದರು. ಉದ್ದನೆ ವಾರ್ಡು ಕಟ್ಟಿ, ಎದುರುಬದುರು ಕಿಟಕಿ ಇಡಿ, ಗಾಳಿ ಬೆಳಕು ಹರಿಯಲಿ, ಒಬ್ಬ ನರ್ಸ್ ನಿಂತಲ್ಲಿಂದ ಎಲ್ಲ ರೋಗಿಗಳೂ ಕಾಣಲಿ. ಕಾರಣ ಪೂರ್ತಿ ಸರಿ ಇರಲಿಲ್ಲ. ಪರಿಹಾರ ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಗಾಳಿ, ಬೆಳಕು, ಸ್ವಚ್ಛತೆ ಇವೇ ಔಷಧಿ.

ಆದರೆ ಇವತ್ತಿನ ಆಸ್ಪತ್ರೆ ಬೇರೆಯೇ ಪ್ರಾಣಿ. ಐಸಿಯು ಬೇಕು. ಪ್ರತಿ ಹಾಸಿಗೆಗೂ ಆಮ್ಲಜನಕದ ಪೈಪು ಬೇಕು. ಆಪರೇಷನ್ ಥಿಯೇಟರಿಗೆ ಶೋಧಿಸಿದ ಗಾಳಿ ಬೇಕು. ಟಿಬಿ ರೋಗಿಯ ಗಾಳಿ ಪಕ್ಕದ ಕೋಣೆಗೆ ಹೋಗಬಾರದು. ಎಂಆರ್‌ಐ ಯಂತ್ರದ ತೂಕ ತಡೆಯೋ ನೆಲ ಬೇಕು. ಸ್ಟ್ರೆಚರ್ ಹೋಗೋ ಲಿಫ್ಟ್ ಬೇಕು. ಬೆಂಕಿ ಬಿದ್ದರೆ ಓಡೋಕೆ ಎರಡನೇ ಮೆಟ್ಟಿಲು ಬೇಕು. ಬೆರಳೆಣಿಕೆ ಬಲ್ಬು, ಫ್ಯಾನಿನ ಲೆಕ್ಕದಲ್ಲಿ ಕಟ್ಟಿದ ಗೋಡೆಯೊಳಗೆ ವೆಂಟಿಲೇಟರ್, ಮಾನಿಟರ್, ಏಸಿ, ಇನ್‌ಕ್ಯುಬೇಟರ್ ಎಲ್ಲ ತುಂಬಿದರೆ ಆ ವೈರಿಂಗ್ ಗತಿ ಏನು?

ಶಿರವಾಳದ ಗುಡಿಗೂ ಉಸ್ಮಾನಿಯಾಗೂ ಇರೋ ವ್ಯತ್ಯಾಸ ಇಲ್ಲೇ ಇದೆ. ಗುಡಿಯೊಳಗೆ ದೇವರಿಗೆ ನಲ್ಲಿ ಬೇಡ, ಲಿಫ್ಟ್ ಬೇಡ, ಪೈಪು ಬೇಡ. ಕಲ್ಲು ಕಲ್ಲಾಗಿ ಇದ್ದರೆ ಸಾಕು. ಆಸ್ಪತ್ರೆ ಹಾಗಲ್ಲ. ಅದು ಕಟ್ಟಡದ ವೇಷ ಹಾಕಿದ ಯಂತ್ರ. ದಿನದ 24 ಗಂಟೆ ಅದರೊಳಗೆ ನೀರು ಹರಿಯುತ್ತೆ, ಕರೆಂಟ್ ಹರಿಯುತ್ತೆ, ಸಾವಿರಾರು ಜನ ಓಡಾಡ್ತಾರೆ. ಯಂತ್ರಕ್ಕೆ ಎಣ್ಣೆ ಬಿಡದಿದ್ದರೆ ಏನಾಗುತ್ತೋ ಇದಕ್ಕೂ ಅದೇ ಆಗುತ್ತೆ.

ಕಟ್ಟಡ ಸಾಯೋದು ಹೇಗೆ?

ಒಂದೇ ದಿನಕ್ಕೆ ಯಾವ ಕಟ್ಟಡವೂ ಸಾಯೋದಿಲ್ಲ. ಮೊದಲು ತಾರಸಿ ಮೇಲಿನ ಮಳೆನೀರಿನ ಕೊಳವೆ ಕಟ್ಟಿಕೊಳ್ಳುತ್ತೆ. ಎಲೆ, ಕಸ. ತೆಗೆಯೋಕೆ ಒಬ್ಬ ಮನುಷ್ಯ, ಅರ್ಧ ದಿನ ಸಾಕು. ಯಾರೂ ತೆಗೆಯೋದಿಲ್ಲ. ನೀರು ನಿಲ್ಲುತ್ತೆ, ನಿಧಾನಕ್ಕೆ ಇಳಿಯುತ್ತೆ. ಹಕ್ಕಿ ಹಾಕಿದ ಅರಳಿ ಬೀಜ ಬಿರುಕಿನಲ್ಲಿ ಮೊಳೆಯುತ್ತೆ. ಬೇರು ಬಿರುಕನ್ನು ಅಗಲ ಮಾಡುತ್ತೆ.

ಆಮೇಲೆ ರಿಪೇರಿಗೆ ಅಂತ ಬರ್ತಾರೆ. ಹಳೆ ಕಟ್ಟಡ ಸುಣ್ಣದ ಗಾರೆಯದ್ದು. ಸುಣ್ಣ ಉಸಿರಾಡುತ್ತೆ, ಒಳಗಿನ ತೇವ ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಏನಾಗುತ್ತೆ? ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಗೋಡೆ ಒಳಗಿಂದ ಪುಡಿಯಾಗುತ್ತೆ, ಮೇಲೆ ನೋಡಿದರೆ ಹೊಸ ಬಣ್ಣ! ಗಾಯ ತೊಳೆಯದೇ ಮೇಲೆ ಬ್ಯಾಂಡೇಜ್ ಸುತ್ತಿದ ಹಾಗೆ.

ಇದರ ಮೇಲೆ ಜನಸಂಖ್ಯೆಯ ಭಾರ. ಹಳೆ ಕಾಲದ ಊರಿಗೆ ಅಂತ ಕಟ್ಟಿದ ಆಸ್ಪತ್ರೆಗೆ ಮಹಾನಗರವೇ ಬಂತು. ಉಸ್ಮಾನಿಯಾದಲ್ಲಿ ಹಾಸಿಗೆ ಸಾವಿರ ದಾಟಿತು. ತಾರಸಿ ಮೇಲೆ ಟ್ಯಾಂಕು, ಗೋಡೆಗೆ ಏಸಿ, ಮೊಗಸಾಲೆಗೆ ಮಂಚ. ಸೂರಿನ ಗಾರೆ ಉದುರಿ ಬೀಳೋಕೆ ಶುರುವಾಯ್ತು. ಅಲ್ಲಿನ ಕಿರಿಯ ವೈದ್ಯರು ಒಮ್ಮೆ ತಲೆಗೆ ಹೆಲ್ಮೆಟ್ ಹಾಕಿಕೊಂಡು ಕೆಲಸ ಮಾಡಿ ಪ್ರತಿಭಟಿಸಿದರು. ಕಲ್ಲು ಗಣಿಯಲ್ಲಿ ಹೆಲ್ಮೆಟ್ ನೋಡಿದ್ದೀವಿ, ಬೈಕ್ ಮೇಲೆ ನೋಡಿದ್ದೀವಿ. ರೋಗಿಯ ಎದೆ ಮೇಲೆ ಸ್ಟೆತೊಸ್ಕೋಪ್ ಇಡೋ ಡಾಕ್ಟರ್ ತಲೆ ಮೇಲೆ ಹೆಲ್ಮೆಟ್!

ಕೆಡವಬೇಕಾ, ಉಳಿಸಬೇಕಾ?

2015ರಲ್ಲಿ ಅಂದಿನ ತೆಲಂಗಾಣ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್, ಈ ಕಟ್ಟಡ ಕೆಡವಿ ಹೊಸದು ಕಟ್ತೀವಿ ಅಂದ್ರು. ಪರಂಪರೆಯ ಪರ ಇರೋರು ಬೀದಿಗೆ ಬಂದ್ರು. ಇದು ಪಾರಂಪರಿಕ ಕಟ್ಟಡ, ಮುಟ್ಟಬೇಡಿ ಅಂದ್ರು. ಇಂಟ್ಯಾಕ್ ಸಂಸ್ಥೆಯ ತಜ್ಞರು, ದುರಸ್ತಿ ಮಾಡಿದರೆ ಉಳಿಯುತ್ತೆ ಅಂತ ಹೇಳಿದ್ರು. ಇನ್ನೊಂದು ಗುಂಪು, ರೋಗಿ ಜೀವಕ್ಕಿಂತ ಗುಮ್ಮಟ ದೊಡ್ಡದಾ ಅಂತ ಕೇಳ್ತು. ವಿಷಯ ಹೈಕೋರ್ಟಿಗೆ ಹೋಯ್ತು.

ಎರಡೂ ಕಡೆಯವರ ಮಾತಿನಲ್ಲಿ ನ್ಯಾಯ ಇತ್ತು. ತೊಂದರೆ ಇದ್ದದ್ದು ಪ್ರಶ್ನೆಯಲ್ಲಿ. ಕೆಡವಬೇಕಾ ಉಳಿಸಬೇಕಾ ಅಂತ ಎಲ್ಲರೂ ಕೇಳಿದ್ದು ಕಟ್ಟಡದ ಬಗ್ಗೆ. ರೋಗಿ ಎಲ್ಲಿ ಮಲಗಬೇಕು ಅನ್ನೋ ಪ್ರಶ್ನೆ ಬದಿಗೆ ಸರಿಯಿತು. ಈ ಎರಡು ಪ್ರಶ್ನೆಗಳನ್ನು ಮೊದಲ ದಿನವೇ ಬೇರೆ ಮಾಡಿದ್ದರೆ? ಆಸ್ಪತ್ರೆಗೆ ಬೇರೆ ಜಾಗ ನೋಡಿ, ಕಟ್ಟಡಕ್ಕೆ ಬೇರೆ ಕೆಲಸ ಕೊಡಿ ಅಂತ ತೀರ್ಮಾನ ಆಗಿದ್ದರೆ? ವರ್ಷಗಳು ಉಳೀತಿದ್ದವು.

ಬದಲಿಗೆ ಆಗಿದ್ದೇನು? 2020ರ ಜುಲೈ ಮಧ್ಯದಲ್ಲಿ ಜೋರು ಮಳೆ ಬಂತು. ಮಳೆನೀರು, ಚರಂಡಿ ನೀರು ಎರಡೂ ಸೇರಿ ನೆಲಮಹಡಿಯ ವಾರ್ಡುಗಳಿಗೆ ನುಗ್ಗಿತು. ಮಂಚದ ಮೇಲೆ ರೋಗಿ, ಮಂಚದ ಕೆಳಗೆ ನೀರು. ಈ ದೃಶ್ಯವನ್ನು ದೇಶವೇ ಟಿವಿಯಲ್ಲಿ ನೋಡಿತು. ವಿಶ್ವೇಶ್ವರಯ್ಯ ಚರಂಡಿ ಸರಿ ಮಾಡಿ ಅಂತ ಹೇಳಿ ಆಗಲೇ ನೂರ ಹನ್ನೊಂದು ವರ್ಷ ಆಗಿತ್ತು! ಪ್ರವಾಹದಿಂದ ಹುಟ್ಟಿದ ಆಸ್ಪತ್ರೆಯನ್ನು ಕೊನೆಗೆ ಮುಚ್ಚಿಸಿದ್ದೂ ನೀರೇ. ತಿಂಗಳ ಕೊನೆಗೆ ಹಳೆ ಕಟ್ಟಡ ಖಾಲಿ ಮಾಡಿ ಬೀಗ ಹಾಕಿದರು. ರೋಗಿಗಳನ್ನು ಅದೇ ಆವರಣದ ಬೇರೆ ಬ್ಲಾಕ್‌ಗಳಿಗೆ ತುಂಬಿದರು. ಹಾಸಿಗೆಯ ಪಕ್ಕ ಹಾಸಿಗೆ, ಕಡೆಗೆ ನೆಲವೇ ಹಾಸಿಗೆ.

ಅಂತೂ 2025ರ ಜನವರಿ 31ರಂದು ಮುಖ್ಯಮಂತ್ರಿ ರೇವಂತ್ ರೆಡ್ಡಿ ಹತ್ತಿರದ ಗೋಶಾಮಹಲ್ ಪೊಲೀಸ್ ಮೈದಾನದಲ್ಲಿ ಹೊಸ ಉಸ್ಮಾನಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ಸುಮಾರು 26 ಎಕರೆ ಜಾಗ, 2,000 ಹಾಸಿಗೆ, ಸುಮಾರು 2,700 ಕೋಟಿ ರೂಪಾಯಿಯ ಯೋಜನೆ. ಹಳೆ ಕಟ್ಟಡವನ್ನು ಪಾರಂಪರಿಕ ಕಟ್ಟಡವಾಗಿ ಉಳಿಸ್ತೀವಿ ಅನ್ನೋದು ಸರ್ಕಾರದ ಮಾತು. ಅಲ್ಲೂ ಸಮಸ್ಯೆ ಇಲ್ಲದೇ ಇಲ್ಲ. ಇದ್ದೊಂದು ಮೈದಾನ ಹೋಯ್ತು, ಟ್ರಾಫಿಕ್ ಹೆಚ್ಚಾಗುತ್ತೆ ಅಂತ ಗೋಶಾಮಹಲ್ ಜನ ವಿರೋಧ ಮಾಡಿದರು. ಆದರೂ ಎರಡು ಪ್ರಶ್ನೆ ಬೇರೆ ಆದವು. ಅಷ್ಟಾಗೋಕೆ 2015ರಿಂದ 2025, ಹತ್ತು ವರ್ಷ ಬೇಕಾಯ್ತು. ಆ ಹತ್ತು ವರ್ಷದ ಬಿಲ್ ಕಟ್ಟಿದ್ದು ಯಾರು? ನೆಲದ ಮೇಲೆ ಮಲಗಿದ ರೋಗಿ.

ಬೇರೆಯವರು ಏನು ಮಾಡಿದರು?

ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಸಾಂತ್ ಪಾವ್ ಅನ್ನೋ ಆಸ್ಪತ್ರೆ ಇದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಟ್ಟಿದ್ದು, ಬಣ್ಣದ ಹೆಂಚು, ಗುಮ್ಮಟ, ತೋಟ. 1997ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪಾರಂಪರಿಕ ತಾಣ ಅಂತ ಘೋಷಿಸಿತು. ಆಗಲೂ ಅಲ್ಲಿ ರೋಗಿಗಳಿದ್ದರು. ಅವರು ಏನು ಮಾಡಿದರು? ಅದೇ ಆವರಣದ ಒಂದು ಬದಿಗೆ ಹೊಸ ಆಸ್ಪತ್ರೆ ಕಟ್ಟಿದರು. 2009ರಲ್ಲಿ ರೋಗಿಗಳನ್ನು ಅಲ್ಲಿಗೆ ಸಾಗಿಸಿದರು. ಖಾಲಿಯಾದ ಹಳೆ ಕಟ್ಟಡಗಳನ್ನು ದುರಸ್ತಿ ಮಾಡಿ 2014ರಲ್ಲಿ ಸಾರ್ವಜನಿಕರಿಗೆ ತೆರೆದರು. ಈಗ ಜನ ಟಿಕೆಟ್ ತಗೊಂಡು ನೋಡ್ತಾರೆ. ರೋಗಿಗೂ ನ್ಯಾಯ, ಕಲೆಗೂ ನ್ಯಾಯ. ಕ್ರಮ ಗಮನಿಸಿ. ಮೊದಲು ಹೊಸದು, ಆಮೇಲೆ ಸಾಗಾಟ, ಆಮೇಲೆ ಹಳೆಯದರ ರಿಪೇರಿ.

ಅಷ್ಟು ದೂರ ಯಾಕೆ, ಬೆಂಗಳೂರಿಗೇ ಬನ್ನಿ. ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಬಿದ್ದಿದ್ದು 1897ರ ಜೂನ್ 22ರಂದು. ಆಗ ಮೈಸೂರು ಸಂಸ್ಥಾನದ ಆಡಳಿತ ನೋಡ್ತಿದ್ದವರು ರಾಜಮಾತೆ ಕೆಂಪನಂಜಮ್ಮಣ್ಣಿ. ಮರುವರ್ಷವೇ ಬೆಂಗಳೂರಿಗೆ ಪ್ಲೇಗ್ ಬಡಿಯಿತು. 1900ರ ಡಿಸೆಂಬರ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಉದ್ಘಾಟಿಸಿದರು. ಉಸ್ಮಾನಿಯಾಗಿಂತಲೂ ಹಿರಿಯ ಕಟ್ಟಡ ಅದು. ಇವತ್ತಿಗೂ ನಿಂತಿದೆ. ಯಾಕಂದ್ರೆ ಭಾರ ಹೆಚ್ಚಾದ ಹಾಗೆ ಆವರಣದಲ್ಲಿ ಹೊಸ ಬ್ಲಾಕ್‌ಗಳು ಬಂದವು. ತುರ್ತು ಚಿಕಿತ್ಸೆ, ಸೂಪರ್ ಸ್ಪೆಷಾಲಿಟಿ ಎಲ್ಲ ಹೊಸ ಕಟ್ಟಡಗಳಿಗೆ ಹೋದವು. ಮುದುಕನ ತಲೆ ಮೇಲೆ ಮೂಟೆ ಹೊರಿಸಲಿಲ್ಲ. ವಿಕ್ಟೋರಿಯಾದಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳ್ತಿಲ್ಲ. ಹಳೆಯದು, ಹೊಸದು ಒಂದೇ ಆವರಣದಲ್ಲಿ ಬದುಕಬಹುದು ಅಂತ ಮಾತ್ರ ಹೇಳ್ತಿದ್ದೀನಿ.

ತಡ ಮಾಡಿದರೆ ಏನಾಗುತ್ತೆ? ಕೇರಳದ ಕೊಟ್ಟಾಯಂ ನೋಡಿ. 2025ರ ಜುಲೈ 3ರಂದು ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನ ಹಳೆ ಶೌಚಾಲಯದ ಬ್ಲಾಕ್ ಕುಸಿಯಿತು. ಆಸ್ಪತ್ರೆಯಲ್ಲಿದ್ದ ಮಗಳನ್ನು ನೋಡಿಕೊಳ್ಳೋಕೆ ಬಂದಿದ್ದ ತಾಯಿ ಅವಶೇಷಗಳಡಿ ಸಿಕ್ಕು ಸತ್ತರು. ಆ ಕಟ್ಟಡ ಸುರಕ್ಷಿತ ಅಲ್ಲ ಅನ್ನೋದು ಮೊದಲೇ ಗೊತ್ತಿತ್ತು. ಹೊಸ ಬ್ಲಾಕ್ ಕೂಡ ಎದ್ದು ನಿಂತಿತ್ತು. ಆದರೆ ಸಾಗಾಟ ಆಗಿರಲಿಲ್ಲ. ಆರೋಗ್ಯ ಸೇವೆಯಲ್ಲಿ ದೇಶಕ್ಕೇ ಮಾದರಿ ಅನ್ನಿಸಿಕೊಂಡ ರಾಜ್ಯದಲ್ಲೇ ಹೀಗಾದರೆ ಉಳಿದವರ ಪಾಡೇನು?

ಹಾಗಂತ ಹೊಸ ಕಟ್ಟಡ ಅಂದ ಕೂಡಲೇ ನೆಮ್ಮದಿ ಅಂದುಕೊಳ್ಳಬೇಡಿ. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಒಂದು ಆಧುನಿಕ ಖಾಸಗಿ ಆಸ್ಪತ್ರೆಯಲ್ಲಿ ಬೆಂಕಿ ಬಿದ್ದು ಸುಮಾರು 90 ಜನ ಸತ್ತರು. ಬೆಂಕಿ ಹುಟ್ಟಿದ್ದು ನೆಲಮಾಳಿಗೆಯಲ್ಲಿ, ಹೊಗೆ ಹೋಗಿದ್ದು ವಾರ್ಡುಗಳಿಗೆ. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಬೆಂಕಿ ಬಿದ್ದು 10 ಹಸುಗೂಸುಗಳು ಹೋದವು. ಗೋಡೆ ಗಟ್ಟಿ ಇದ್ದರೆ ಸಾಲದು. ವೈರು, ಬಾಗಿಲು, ಮೆಟ್ಟಿಲು, ಎಚ್ಚರ ಇರೋ ಸಿಬ್ಬಂದಿ ಎಲ್ಲವೂ ಸರಿ ಇರಬೇಕು.

ಈಗ ನಮ್ಮ ಸರದಿ

ಕಲ್ಯಾಣ ಕರ್ನಾಟಕಕ್ಕೆ ಬರೋಣ. ಸಂವಿಧಾನದ 371ಜೆ ವಿಧಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಸಿಕ್ಕಿತು. ದುಡ್ಡು ಬರೋಕೆ ಶುರುವಾಯ್ತು. ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯ್ತು. 2022ರಲ್ಲಿ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನ ಕರೆಯೋ ಯಿಮ್ಸ್, ಮೊದಲ ಎಂಬಿಬಿಎಸ್ ಬ್ಯಾಚ್ ತಗೊಂಡಿತು. ಕಲಬುರಗಿಯಲ್ಲಿ 2024ರ ಡಿಸೆಂಬರ್ 22ರಂದು ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾಯ್ತು. ಹಾಸಿಗೆ ಎಷ್ಟು? ಲೆಕ್ಕ ಹಾಕಿ 371! ಎದೆ ನೋವು ಬಂದರೆ ಹೈದರಾಬಾದ್, ಸೊಲ್ಲಾಪುರ ಅಂತ ಓಡ್ತಿದ್ದ ಜನಕ್ಕೆ ಇದು ಸಣ್ಣ ಮಾತಲ್ಲ. ಸಂತೋಷ ಪಡೋಣ. ಚಪ್ಪಾಳೆ ಹೊಡೆಯೋಣ.

ಚಪ್ಪಾಳೆ ಆದ ಮೇಲೆ? ಅಸಲಿ ಕಥೆ ಶುರುವಾಗೋದೇ ಆಗ. ಹೊಸ ಕಟ್ಟಡಕ್ಕೆ ಅಡಿಗಲ್ಲು ಇರುತ್ತೆ, ಅದರ ಮೇಲೆ ಹೆಸರು ಇರುತ್ತೆ, ಹಾರ ಇರುತ್ತೆ, ನಮ್ಮಂಥ ಕ್ಯಾಮೆರಾದವರು ಇರ್ತೀವಿ. ತಾರಸಿ ಮೇಲಿನ ಕಸ ತೆಗೆಯೋಕೆ ಯಾವ ಮಂತ್ರಿ ಟೇಪ್ ಕತ್ತರಿಸ್ತಾರೆ? ಹಳೆ ವೈರು ಬದಲಿಸಿದ್ದಕ್ಕೆ ಎಲ್ಲಿ ಫಲಕ ಹಾಕ್ತಾರೆ? ದುರಸ್ತಿಯಲ್ಲಿ ಫೋಟೋ ಇಲ್ಲ. ಫೋಟೋ ಇಲ್ಲದ ಕೆಲಸಕ್ಕೆ ಬಜೆಟ್‌ನಲ್ಲಿ ದುಡ್ಡೂ ಕಮ್ಮಿ, ಟಿವಿಯಲ್ಲಿ ಸಮಯವೂ ಕಮ್ಮಿ. ಈ ವಿಷಯದಲ್ಲಿ ಮಾಧ್ಯಮದವರೂ ಪಾಲುದಾರರೇ.

ಉಸ್ಮಾನಿಯಾ ಕಲಿಸೋ ಪಾಠ ಇದು. ಆ ಕಟ್ಟಡವನ್ನು ಮುಗಿಸಿದ್ದು ವಯಸ್ಸಲ್ಲ. ಸಣ್ಣ ಕೆಲಸ ಮುಂದೂಡಿ ಮುಂದೂಡಿ ದೊಡ್ಡ ಕೆಲಸ ಮಾಡಿಕೊಂಡಿದ್ದು. ನೂರು ವರ್ಷದ ಹಿಂದೆ ಒಬ್ಬ ರಾಜ ಅರಮನೆಯಂಥ ಆಸ್ಪತ್ರೆ ಕಟ್ಟಿಸಬಹುದು. ಅದನ್ನು ದಿನಾ ನೋಡಿಕೊಳ್ಳೋ ವ್ಯವಸ್ಥೆ ಇಲ್ಲದಿದ್ದರೆ ಗುಮ್ಮಟ ಎಷ್ಟೇ ಎತ್ತರ ಇರಲಿ, ನೀರು ಕೆಳಗಿನಿಂದ ಬರುತ್ತೆ. ಇವತ್ತು ಫಳಫಳ ಹೊಳೆಯೋ ನಮ್ಮ ಹೊಸ ಆಸ್ಪತ್ರೆಗಳಿಗೂ ಇದೇ ನಿಯಮ. ಕಾಂಕ್ರೀಟು ಸುಣ್ಣದ ಗಾರೆಗಿಂತ ಹೆಚ್ಚು ಬಾಳುತ್ತೆ ಅನ್ನೋ ಭ್ರಮೆ ಬೇಡ. ನೀರು ಒಳಗಿನ ಕಬ್ಬಿಣಕ್ಕೆ ತಾಗಿತು ಅಂದ್ರೆ ಅದು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತೆ. ನಿರ್ಲಕ್ಷ್ಯ ಮಾಡಿದ ಆರ್‌ಸಿಸಿ ಕಟ್ಟಡ ಮೂವತ್ತು ನಲವತ್ತು ವರ್ಷಕ್ಕೇ ಮುದುಕ ಆಗೋದನ್ನು ನಮ್ಮ ಊರುಗಳಲ್ಲೇ ನೋಡ್ತಿದ್ದೀವಿ.

ನೀವು ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಸಾಮಾನ್ಯ ಮನುಷ್ಯ ಏನು ಮಾಡಬಹುದು? ಕೇಳಬಹುದು. ಕೇಳೋಕೆ ಎಂಜಿನಿಯರ್ ಆಗಬೇಕಿಲ್ಲ.

ಒಂದು. ನಮ್ಮ ತಾಲ್ಲೂಕು ಆಸ್ಪತ್ರೆ ಕಟ್ಟಡದ ದೃಢತೆಯನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ? ವರದಿ ಏನು ಹೇಳಿದೆ?

ಎರಡು. ಅಗ್ನಿಶಾಮಕ ಇಲಾಖೆಯ ಅನುಮತಿ ಇದೆಯಾ? ಎರಡನೇ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿದ್ದಾರಾ, ಅಥವಾ ಅಲ್ಲಿ ಮುರಿದ ಮಂಚ ಪೇರಿಸಿದ್ದಾರಾ? ಇದನ್ನು ನೀವು ಕಣ್ಣಾರೆ ನೋಡಬಹುದು.

ಮೂರು. ಹೆರಿಗೆ ವಾರ್ಡು, ಶಿಶು ಘಟಕದ ವೈರಿಂಗ್ ಈಗಿನ ಯಂತ್ರಗಳ ಭಾರ ತಡೆಯುತ್ತಾ? ಯಾರು, ಯಾವಾಗ ಪರೀಕ್ಷೆ ಮಾಡಿದರು?

ನಾಲ್ಕು. ವರ್ಷಕ್ಕೆ ನಿರ್ವಹಣೆಗೆ ಬಂದ ದುಡ್ಡು ಎಷ್ಟು, ಖರ್ಚಾಗಿದ್ದು ಯಾವುದಕ್ಕೆ? ಬಣ್ಣಕ್ಕಾ, ಸೋರಿಕೆಗಾ?

ಐದು. ಹೊಸ ಕಟ್ಟಡ ಬರ್ತಿದ್ದರೆ, ಹಳೆಯದರಿಂದ ರೋಗಿಗಳನ್ನು ಸಾಗಿಸೋ ದಿನಾಂಕ ಯಾವುದು? ಹಳೆ ಕಟ್ಟಡ ಏನಾಗುತ್ತೆ? ಹೊಸದು ಊರ ಹೊರಗಿದ್ದರೆ ಬಸ್ಸು ಇದೆಯಾ? ಕೂಲಿ ಬಿಟ್ಟು ಬರೋ ಬಡವ ಆಟೋಕ್ಕೆ ಕೊಡೋ ದುಡ್ಡು ಔಷಧಿಗಿಂತ ಹೆಚ್ಚಾದರೆ ಆ ಆಸ್ಪತ್ರೆ ಇದ್ದೂ ಇಲ್ಲದ ಹಾಗೆ.

ಇದನ್ನು ಎಲ್ಲಿ ಕೇಳೋದು ಅಂತೀರಾ? ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತೆ. ಜನಪ್ರತಿನಿಧಿಗಳು ಅದರಲ್ಲಿ ಇರ್ತಾರೆ. ಆಸ್ಪತ್ರೆಯ ಸಣ್ಣಪುಟ್ಟ ಖರ್ಚು, ರಿಪೇರಿ ಅಲ್ಲೇ ತೀರ್ಮಾನ ಆಗೋದು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ತಿಳ್ಕೊಳ್ಳಿ. ಅಲ್ಲಿ ಉತ್ತರ ಸಿಗಲಿಲ್ಲವಾ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು ಅಂತ ಕಾನೂನೇ ಹೇಳುತ್ತೆ.

ಕಟ್ಟಡ ಬೀಳೋ ದಿನ ಎಲ್ಲರೂ ಬರ್ತಾರೆ. ಮಂತ್ರಿ ಬರ್ತಾರೆ, ಅಧಿಕಾರಿ ಬರ್ತಾರೆ, ಪರಿಹಾರದ ಚೆಕ್ ಬರುತ್ತೆ, ನಮ್ಮ ಓಬಿ ವ್ಯಾನೂ ಬರುತ್ತೆ. ಅದಕ್ಕೂ ಹತ್ತು ವರ್ಷ ಮೊದಲು ಸೂರಿನ ಮೂಲೆಯಲ್ಲಿ ಅಂಗೈ ಅಗಲದ ಒಂದು ಒದ್ದೆ ಕಲೆ ಬಂದಿರುತ್ತೆ. ಮಂಚದ ಮೇಲೆ ಮಲಗಿದ ರೋಗಿಗೆ ಅದು ದಿನಾ ಕಾಣುತ್ತೆ. ಪಕ್ಕದಲ್ಲಿ ಕೂತ ನಿಮಗೂ ಕಾಣುತ್ತೆ. ಮುಂದಿನ ಸಲ ಸರ್ಕಾರಿ ಆಸ್ಪತ್ರೆಗೆ ಹೋದಾಗ ಒಮ್ಮೆ ತಲೆ ಎತ್ತಿ ನೋಡಿ. ಆ ಕಲೆ ಕಂಡರೆ ಸುಮ್ಮನೆ ಬರಬೇಡಿ. ಯಾರಿಗಾದರೂ ಬರೆದುಕೊಡಿ, ರಸೀದಿ ಇಸ್ಕೊಳ್ಳಿ.